ಚರ್ಚು ಖಾಲಿಯಾದ್ರೆ ಧರ್ಮ ಮುಗೀತಾ?

(1/8)
ಹೋದ ವಾರ ಇಂಟರ್ನಲ್ಸ್ ಮುಗಿಸಿ ಕ್ಯಾಂಟೀನಲ್ಲಿ ಕೂತಿದ್ವಿ. ಒಬ್ಬ ಫ್ರೆಂಡ್ ರೀಲ್ ತೋರಿಸ್ದ. ಡಬ್ಲಿನ್‌ನ ಒಂದು ಹಳೇ ಚರ್ಚು, ಒಳಗೆ ಬಾರ್ ಕೌಂಟರ್, ಬಣ್ಣದ ಗಾಜಿನ ಕಿಟಕಿ ಕೆಳಗೆ ಜನ ಬಿಯರ್ ಹಿಡ್ಕೊಂಡು ನಿಂತಿದ್ದಾರೆ. "ನೋಡ್ರೋ, ಯುರೋಪಲ್ಲಿ ಕ್ರಿಶ್ಚಿಯಾನಿಟಿ ಕಥೆ ಮುಗೀತು. ಇನ್ನೈವತ್ತು ವರ್ಷ, ಎಲ್ಲಾ ಧರ್ಮಕ್ಕೂ ಇದೇ ಗತಿ" ಅಂದ. ಅರ್ಧ ಟೇಬಲ್ ಹೌದು ಅಂತು. ಇನ್ನರ್ಧ ಜಗಳಕ್ಕೇ ನಿಂತ್ಕೊಂತು. ಟೀ ಆರಿಹೋಯ್ತು, ಉತ್ತರ ಸಿಗಲಿಲ್ಲ.

ರಾತ್ರಿ ಆ ಚರ್ಚು ಯಾವುದು ಅಂತ ಹುಡುಕಿದೆ. ಸೇಂಟ್ ಮೇರೀಸ್. ಗಿನ್ನೆಸ್ ಬಿಯರ್ ಕಂಪನಿ ಕಟ್ಟಿದ ಆರ್ಥರ್ ಗಿನ್ನೆಸ್ 1761ರಲ್ಲಿ ಮದುವೆಯಾಗಿದ್ದು ಇದೇ ಚರ್ಚಲ್ಲಿ. ಅಂದ್ರೆ ಆ ಕಟ್ಟಡಕ್ಕೂ ಬಿಯರಿಗೂ ಹಳೇ ನೆಂಟಸ್ತನ! ಆದ್ರೆ ಮುಖ್ಯ ವಿಷಯ ಅದಲ್ಲ. ಅದು ಪ್ರೊಟೆಸ್ಟೆಂಟ್ ಚರ್ಚು. ಆ ಭಾಗದಲ್ಲಿ ಪ್ರೊಟೆಸ್ಟೆಂಟರು ತೀರಾ ಕಡಿಮೆಯಾಗಿ 1960ರ ದಶಕದಲ್ಲೇ ಬಾಗಿಲು ಹಾಕಿತ್ತು. ಅದೇ ಹೊತ್ತಲ್ಲಿ ಅದೇ ಊರಿನ ಕ್ಯಾಥೊಲಿಕ್ ಚರ್ಚುಗಳು ತುಂಬಿ ತುಳುಕ್ತಿದ್ವು. 1970ರ ದಶಕದ ಆರಂಭದ ಸಮೀಕ್ಷೆ ಪ್ರಕಾರ ಐರ್ಲೆಂಡ್‌ನ ಕ್ಯಾಥೊಲಿಕರಲ್ಲಿ ಹತ್ತಕ್ಕೆ ಒಂಬತ್ತು ಜನ ಪ್ರತಿ ವಾರ ಬಲಿಪೂಜೆಗೆ ಹೋಗ್ತಿದ್ರು.

ಈಗ ಆ ಲೆಕ್ಕ ಮೂರರಲ್ಲಿ ಒಬ್ಬರ ಆಸುಪಾಸಿಗೆ ಇಳಿದಿದೆ. ಬರೀ ಐವತ್ತು ವರ್ಷದಲ್ಲಿ. ಹಾಗಾದ್ರೆ ನನ್ನ ಫ್ರೆಂಡ್ ಹೇಳಿದ್ದು ಸರಿನಾ? ಅರ್ಧ ಸರಿ. ಆ ಅರ್ಧ ಯಾವುದು ಅಂತ ತಿಳ್ಕೊಳ್ಳೋಕೆ ಮುನ್ನೂರು ವರ್ಷ ಹಿಂದಕ್ಕೆ ಹೋಗ್ಬೇಕು. ನಾನು ಬಿಕಾಂ, ಹಿಸ್ಟರಿ ಓದೋನಲ್ಲ. ಮಧ್ಯೆ ಮಧ್ಯೆ ಲೆಕ್ಕದ ಭಾಷೆ ನುಸುಳಿದ್ರೆ ಬೈಬೇಡಿ. ಮತ್ತೆ, ಐದನೇ ಭಾಗದಲ್ಲಿ ಬೆಳಗಾವಿ ಬರತ್ತೆ. ಅದನ್ನ ಮಾತ್ರ ಬಿಟ್ಟು ಹೋಗ್ಬೇಡಿ.

(2/8)
1690ರಲ್ಲಿ ಬಾಯ್ನ್ ನದಿ ದಂಡೆ ಮೇಲೆ ಇಬ್ಬರು ರಾಜರ ಮಧ್ಯೆ ಯುದ್ಧ ಆಯ್ತು. ಪ್ರೊಟೆಸ್ಟೆಂಟ್ ರಾಜ ವಿಲಿಯಂ ಗೆದ್ದ, ಕ್ಯಾಥೊಲಿಕ್ ರಾಜ ಜೇಮ್ಸ್ ಸೋತು ಫ್ರಾನ್ಸಿಗೆ ಓಡಿದ. ಐರ್ಲೆಂಡ್‌ನ ಬಹುಸಂಖ್ಯಾತರು ಕ್ಯಾಥೊಲಿಕರು, ಆಳೋರು ಪ್ರೊಟೆಸ್ಟೆಂಟರು. ಆಮೇಲೆ ಸಾಲಾಗಿ ಬಂದ ಕಾನೂನುಗಳಿಗೆ ಇತಿಹಾಸದಲ್ಲಿ 'ಪೀನಲ್ ಲಾಸ್' ಅಂತ ಹೆಸರು.

1695ರ ಕಾನೂನು ನೋಡಿ. ಕ್ಯಾಥೊಲಿಕರು ಶಾಲೆ ನಡೆಸಂಗಿಲ್ಲ, ಓದೋಕೆ ಮಕ್ಕಳನ್ನ ವಿದೇಶಕ್ಕೆ ಕಳಿಸಂಗಿಲ್ಲ, ಆಯುಧ ಇಟ್ಕೊಳ್ಳಂಗಿಲ್ಲ, ಐದು ಪೌಂಡಿಗಿಂತ ಬೆಲೆಬಾಳೋ ಕುದುರೆಯನ್ನೂ ಇಟ್ಕೊಳ್ಳಂಗಿಲ್ಲ. ನಿಮ್ಮ ಕುದುರೆ ಎಷ್ಟೇ ಒಳ್ಳೇ ತಳಿ ಆಗಿರ್ಲಿ, ಒಬ್ಬ ಪ್ರೊಟೆಸ್ಟೆಂಟ್ ಬಂದು ಐದು ಪೌಂಡ್ ಕೈಗಿಟ್ರೆ ಹಗ್ಗ ಬಿಚ್ಚಿ ಕೊಡ್ಬೇಕು. 1697ರಲ್ಲಿ ಬಿಷಪ್‌ಗಳನ್ನೂ ಮಠಗಳ ಸನ್ಯಾಸಿಗಳನ್ನೂ ದೇಶ ಬಿಟ್ಟು ಓಡಿಸೋ ಕಾನೂನು.

ನನಗೆ ಎಲ್ಲಕ್ಕಿಂತ ಚಾಲಾಕಿ ಅನ್ಸಿದ್ದು 1704ರದ್ದು. ಕ್ಯಾಥೊಲಿಕ್ ಅಪ್ಪ ಸತ್ರೆ ಜಮೀನು ಎಲ್ಲಾ ಗಂಡುಮಕ್ಕಳಿಗೂ ಹಂಚಿಹೋಗ್ಬೇಕು. ಆದ್ರೆ ಹಿರೀ ಮಗ ಪ್ರೊಟೆಸ್ಟೆಂಟ್ ಆದ್ರೆ? ಪೂರ್ತಿ ಆಸ್ತಿ ಅವನೊಬ್ಬನಿಗೇ. ಮತಾಂತರಕ್ಕೆ ಇದಕ್ಕಿಂತ ದೊಡ್ಡ ಇನ್ಸೆಂಟಿವ್ ಬೇಕಾ? ಅಣ್ಣತಮ್ಮಂದಿರ ಪಾಲು ಪಟ್ಟಿ ಜಗಳ ನೋಡಿ ಬೆಳೆದ ನಮಗೆ ಇದರ ವಿಷ ಬಿಡಿಸಿ ಹೇಳೋದೇ ಬೇಡ.

ಆಸ್ತಿ ವಿಷಯದಲ್ಲಿ ಕಾನೂನು ಕೆಲಸ ಮಾಡ್ತು. 1641ರಲ್ಲಿ ದೇಶದ ಅರ್ಧಕ್ಕಿಂತ ಹೆಚ್ಚು ಭೂಮಿ ಕ್ಯಾಥೊಲಿಕರ ಕೈಲಿತ್ತು. ಯುದ್ಧ, ಮುಟ್ಟುಗೋಲು ಎಲ್ಲಾ ಸೇರಿ 1703ರ ಹೊತ್ತಿಗೆ ಶೇ 14ಕ್ಕೆ ಇಳಿದಿತ್ತು, ಆಮೇಲೆ ಇನ್ನೂ ಕಡಿಮೆ ಆಯ್ತು. ಜಮೀನ್ದಾರರ ಎಷ್ಟೋ ಮನೆತನಗಳು ಆಸ್ತಿಗೋಸ್ಕರ ಚರ್ಚು ಬದಲಾಯಿಸಿದ್ವು.

ಆದ್ರೆ ಬಡವರು ಬದಲಾಯಿಸಲಿಲ್ಲ. ಯಾಕೆ?

(3/8)
ಮೊದಲ ಉತ್ತರ ಸುಲಭ: ಕಳ್ಕೊಳ್ಳೋಕೆ ಅವರತ್ರ ಜಮೀನೇ ಇರಲಿಲ್ಲ. ಆದ್ರೆ ಅಷ್ಟೇ ಅಲ್ಲ. ಅಧಿಕೃತ ಚರ್ಚಿಗೆ ಅವರು ತಮ್ಮ ಬೆಳೇಲಿ ದಶಾಂಶ ತೆರಬೇಕಿತ್ತು. ತಾವು ಕಾಲಿಡದ ಚರ್ಚಿಗೆ! ಅವರ ಸ್ವಂತ ಪಾದ್ರಿ ಮಾತ್ರ ಅವರ ಮನೆ ಆಲೂಗಡ್ಡೆ ತಿಂದು, ಅವರ ಮನೇಲೇ ಪೂಜೆ ಮಾಡಿ, ಅವರ ಕಷ್ಟ ಕೇಳ್ತಿದ್ದ. ಬಯಲಲ್ಲಿ ದೊಡ್ಡ ಬಂಡೆಯನ್ನೇ ಬಲಿಪೀಠ ಮಾಡ್ಕೊಂಡು ಪೂಜೆ ನಡೀತಿತ್ತು. ಅಂಥ ಬಂಡೆಗಳನ್ನ ಇವತ್ತಿಗೂ ತೋರಿಸ್ತಾರೆ. ಪಾದ್ರಿಗಳು ತಯಾರಾಗ್ತಿದ್ದುದು ಪ್ಯಾರಿಸ್, ಸಲಮಾಂಕಾ, ಲೂವೆನ್, ರೋಮ್‌ನ ಐರಿಶ್ ಕಾಲೇಜುಗಳಲ್ಲಿ. ಹೆಡ್ ಆಫೀಸು ಹೊರಗೆ, ಬ್ರಾಂಚು ಪೊದೆ ಮರೇಲಿ. ಶಾಲೆಗೆ ನಿಷೇಧ ಇದ್ದಾಗ ಬೇಲಿ ಬದಿಯಲ್ಲಿ ಕದ್ದು ಪಾಠ ಹೇಳ್ಕೊಡೋ ಮೇಷ್ಟ್ರುಗಳಿದ್ರು.

ಇನ್ನೊಂದು ಸಣ್ಣ ವಿಷಯ, ಆದ್ರೆ ನನಗೆ ಬಹಳ ಹಿಡಿಸ್ತು. ಐರ್ಲೆಂಡ್‌ನಲ್ಲಿ ಎಲ್ಲರ ಜನನ, ಮರಣ, ಮದುವೆಯನ್ನ ಸರ್ಕಾರ ನೋಂದಾಯಿಸೋಕೆ ಶುರು ಮಾಡಿದ್ದು 1864ರಲ್ಲಿ. ಅದಕ್ಕೆ ಮುಂಚೆ ಒಬ್ಬ ಬಡ ಕ್ಯಾಥೊಲಿಕ್ ಹುಟ್ಟಿದ್ದ, ಮದುವೆಯಾಗಿದ್ದ ಅನ್ನೋಕೆ ಪುರಾವೆ ಪಾದ್ರಿಯ ರಿಜಿಸ್ಟರ್ ಒಂದೇ. ಬೇರೆ ಯಾವ ಪುಸ್ತಕದಲ್ಲೂ ನಿಮ್ಮ ಹೆಸರಿಲ್ಲದಾಗ, ಹೆಸರು ಬರ್ಕೊಂಡವನನ್ನ ಬಿಡ್ತೀರಾ?

ಈಗ 1824ಕ್ಕೆ ಬನ್ನಿ. ಡೇನಿಯಲ್ ಓ'ಕಾನೆಲ್ ಅನ್ನೋ ವಕೀಲ. ಹಿಂದಿನ ವರ್ಷ ಕ್ಯಾಥೊಲಿಕ್ ಅಸೋಸಿಯೇಷನ್ ಶುರು ಮಾಡಿದ್ದ. ಕ್ಯಾಥೊಲಿಕರು ಪಾರ್ಲಿಮೆಂಟಲ್ಲಿ ಕೂರಂಗಿರಲಿಲ್ಲ, ಅದನ್ನ ಬದಲಾಯಿಸ್ಬೇಕು. ದುಡ್ಡು ಎಲ್ಲಿಂದ? ಶ್ರೀಮಂತರನ್ನ ನೆಚ್ಚಿಕೊಳ್ಳೋ ಬದಲು ಅವನು ಮೆಂಬರ್‌ಶಿಪ್ ಬೆಲೆ ಇಳಿಸಿಬಿಟ್ಟ: ತಿಂಗಳಿಗೆ ಒಂದು ಪೆನ್ನಿ. ಚರ್ಚಿನ ಬಾಗಿಲಲ್ಲಿ ವಸೂಲಿ, ಪಾದ್ರಿಗಳದ್ದೇ ಸಹಾಯ. ಕೂಲಿಯವನೂ ಕೊಡಬಹುದಾದ ಮೊತ್ತ. ಕೊಟ್ಟ ಮೇಲೆ ಅವನೂ ಪಾಲುದಾರ! ದೇಶದ ತುಂಬಾ ಲಕ್ಷಾಂತರ ಜನ ಒಂದೊಂದು ಪೆನ್ನಿ ಹಾಕಿದ್ರು. 1828ರಲ್ಲಿ ಓ'ಕಾನೆಲ್ ಕ್ಲೇರ್ ಉಪಚುನಾವಣೆ ಗೆದ್ದ, 1829ರಲ್ಲಿ ಲಂಡನ್ ಮಣಿದು ಕಾನೂನು ಬದಲಾಯಿಸ್ತು. (ಷರತ್ತುಗಳು ಅನ್ವಯ: ಅದೇ ಹೊತ್ತಿಗೆ ಮತದಾನಕ್ಕೆ ಬೇಕಾದ ಜಮೀನಿನ ಮೌಲ್ಯವನ್ನ 40 ಶಿಲಿಂಗಿಂದ 10 ಪೌಂಡಿಗೆ ಏರಿಸಿದ್ರು. ಓ'ಕಾನೆಲ್‌ನ ಗೆಲ್ಲಿಸಿದ ಸಣ್ಣ ರೈತರ ಓಟೇ ಹೋಯ್ತು.)

ಈ ಪೆನ್ನಿ ಕಥೆ ಓದಿದಾಗ ನನಗೆ ಒಂದು ವಿಷಯ ಹೊಳೀತು. 'ಸಂಘಟಿತ ಧರ್ಮ' ಅಂತೀವಲ್ಲ, ಅದರಲ್ಲಿ 'ಧರ್ಮ'ದ ಬಗ್ಗೆ ನಾವು ಗಂಟೆಗಟ್ಟಲೆ ವಾದ ಮಾಡ್ತೀವಿ, 'ಸಂಘಟಿತ' ಅನ್ನೋದನ್ನ ನೋಡೋದೇ ಇಲ್ಲ. ದೇವರಿದ್ದಾನೋ ಇಲ್ವೋ ಅಂತ ತೀರ್ಮಾನ ಮಾಡಿ ಆ ಕೂಲಿಯವನು ಪೆನ್ನಿ ಹಾಕಲಿಲ್ಲ.

(4/8)
1845ರಿಂದ ಆಲೂಗಡ್ಡೆಗೆ ರೋಗ ಬಂದು ಕ್ಷಾಮ. ಸುಮಾರು ಹತ್ತು ಲಕ್ಷ ಜನ ಸತ್ತರು, ಅದಕ್ಕಿಂತ ಹೆಚ್ಚು ಜನ ಹಡಗು ಹತ್ತಿದ್ರು. 1841ರಲ್ಲಿ 82 ಲಕ್ಷ ಇದ್ದ ಜನಸಂಖ್ಯೆ 1851ಕ್ಕೆ 65 ಲಕ್ಷ. ಇಷ್ಟಾದ್ಮೇಲೆ ಜನ ದೇವರನ್ನ ಬಿಟ್ಟುಬಿಡ್ಬೇಕಿತ್ತು ಅಲ್ವಾ? ಆಗಿದ್ದು ಉಲ್ಟಾ. ಪಾಲ್ ಕಲನ್ ಅನ್ನೋ ಆರ್ಚ್‌ಬಿಷಪ್ ಕೈಯಲ್ಲಿ ಚರ್ಚು ಹಿಂದೆಂದೂ ಇಲ್ಲದಷ್ಟು ಬಿಗಿಯಾಯ್ತು. ಮನೆಗಳಲ್ಲಿ ನಡೀತಿದ್ದ ಸಂಸ್ಕಾರಗಳು ಕಟ್ಟಡದೊಳಕ್ಕೆ ಬಂದ್ವು. 1800ರಲ್ಲಿ ದೇಶದಲ್ಲಿ ಸಿಸ್ಟರ್‌ಗಳು ಇದ್ದಿದ್ದು ಸುಮಾರು 120. 1900ರ ಹೊತ್ತಿಗೆ ಸುಮಾರು 8,000. ಶಾಲೆ, ಆಸ್ಪತ್ರೆ, ಅನಾಥಾಲಯ ಎಲ್ಲಾ ಅವರದ್ದೇ. ಸರ್ಕಾರ ಮಾಡದ ಕೆಲಸ ಅವರು ಮಾಡಿದ್ರು, ಅದನ್ನ ಒಪ್ಕೊಳ್ಳೇಬೇಕು.

1922ರಲ್ಲಿ ಸ್ವಾತಂತ್ರ್ಯ ಬಂತು. ಇಲ್ಲಿಂದ ಕಥೆ ತಿರುಗತ್ತೆ. ಬಂಡೆ ಮರೇಲಿದ್ದವರು ಈಗ ಅಧಿಕಾರದ ಪಕ್ಕದ ಕುರ್ಚೀಲಿ. 1935ರಲ್ಲಿ ಗರ್ಭನಿರೋಧಕಗಳ ಮಾರಾಟಕ್ಕೆ ನಿಷೇಧ. 1937ರ ಸಂವಿಧಾನದಲ್ಲಿ ಕ್ಯಾಥೊಲಿಕ್ ಚರ್ಚಿಗೆ 'ವಿಶೇಷ ಸ್ಥಾನ' (ಅದನ್ನ ತೆಗೆದದ್ದು 1972ರಲ್ಲಿ), ಜೊತೆಗೆ ವಿಚ್ಛೇದನಕ್ಕೂ ನಿಷೇಧ.

1951ರಲ್ಲಿ ಆರೋಗ್ಯ ಸಚಿವ ನೋಯೆಲ್ ಬ್ರೌನ್ ಒಂದು ಯೋಜನೆ ತಂದ: ತಾಯಂದಿರಿಗೂ 16 ವರ್ಷದವರೆಗಿನ ಮಕ್ಕಳಿಗೂ ಉಚಿತ ಚಿಕಿತ್ಸೆ. ದೊಡ್ಡ ಡಾಕ್ಟರುಗಳು ವಿರೋಧಿಸಿದ್ರು, ಅವರ ಫೀಸಿನ ಚಿಂತೆ ಅರ್ಥ ಆಗತ್ತೆ. ಬಿಷಪ್‌ಗಳೂ ವಿರೋಧಿಸಿದ್ರು. ಕುಟುಂಬದ ವಿಷಯಕ್ಕೆ, ಅದರಲ್ಲೂ ತಾಯ್ತನದ ವಿಷಯಕ್ಕೆ ಸರ್ಕಾರ ಕೈ ಹಾಕಬಾರದು ಅಂತ. ಯೋಜನೆ ಬಿತ್ತು, ಸಚಿವ ರಾಜೀನಾಮೆ ಕೊಟ್ಟ. ನೂರು ವರ್ಷದ ಹಿಂದೆ ಯಾರೂ ಮಾಡದ ಕೆಲಸವನ್ನ ಮಾಡಿ ಗೆದ್ದವರು, ಈಗ ಬೇರೆಯವರು ಮಾಡೋಕೆ ಬಂದ್ರೆ ಅಡ್ಡ ನಿಂತ್ಕೊಂಡ್ರು. ನನ್ನ ಪ್ರಕಾರ ಇಳಿಜಾರು ಶುರುವಾಗಿದ್ದು ಇಲ್ಲಿಂದ. ಚರ್ಚುಗಳು ಇನ್ನೂ ತುಂಬಿದ್ವು, ಅದಕ್ಕೇ ಯಾರಿಗೂ ಕಾಣಲಿಲ್ಲ.

1979ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಬಂದಾಗ ಡಬ್ಲಿನ್‌ನ ಫೀನಿಕ್ಸ್ ಪಾರ್ಕಿನಲ್ಲಿ ಹತ್ತು ಲಕ್ಷಕ್ಕಿಂತ ಹೆಚ್ಚು ಜನ. ಇಡೀ ದೇಶದ ಜನಸಂಖ್ಯೆಯೇ ಆಗ ಸುಮಾರು 34 ಲಕ್ಷ. 1983ರಲ್ಲಿ ಜನಮತಗಣನೆ: ಹೊಟ್ಟೆಯಲ್ಲಿರೋ ಮಗುವಿನ ಜೀವದ ಹಕ್ಕು ತಾಯಿಯ ಜೀವದ ಹಕ್ಕಿಗೆ ಸಮ ಅಂತ ಸಂವಿಧಾನದಲ್ಲಿ ಸೇರಿಸ್ಬೇಕಾ? ಶೇ 66.9 ಹೌದು. ಎಂಟನೇ ತಿದ್ದುಪಡಿ. ಈ ಹೆಸರು ನೆನಪಿಟ್ಕೊಳ್ಳಿ.

(5/8)
ಬೆಳಗಾವಿ.

ಸವಿತಾ ಹಾಲಪ್ಪನವರ್. ನಮ್ಮ ಬೆಳಗಾವಿಯ ಹೆಣ್ಣುಮಗಳು, ದಂತವೈದ್ಯೆ, 31 ವರ್ಷ. ಗಂಡನ ಜೊತೆ ಐರ್ಲೆಂಡ್‌ನ ಗಾಲ್ವೇಯಲ್ಲಿದ್ರು. 2012ರ ಅಕ್ಟೋಬರ್ 21ರಂದು ಬೆನ್ನು ನೋವು ಅಂತ ಆಸ್ಪತ್ರೆಗೆ ಹೋದ್ರು. 17 ವಾರದ ಗರ್ಭಿಣಿ. ಗರ್ಭಪಾತ ಆಗ್ತಾ ಇದೆ, ಮಗು ಉಳಿಯಲ್ಲ ಅಂತ ಡಾಕ್ಟರುಗಳೇ ಹೇಳಿದ್ರು. ಉಳಿಯಲ್ಲ ಅಂದ್ಮೇಲೆ ತೆಗೆದುಬಿಡಿ ಅಂತ ಸವಿತಾ ಕೇಳ್ಕೊಂಡ್ರು. ಭ್ರೂಣದ ಹೃದಯ ಬಡೀತಾ ಇತ್ತು. ಕಾನೂನು ಬಿಡಲ್ಲ ಅಂದ್ರು. ತಾನು ಐರಿಶ್ ಅಲ್ಲ, ಕ್ಯಾಥೊಲಿಕ್ ಅಲ್ಲ ಅಂತ ಆಕೆ ಹೇಳಿದ್ದನ್ನ ಅವರ ಗಂಡ ಆಮೇಲೆ ತಿಳಿಸಿದ್ರು. ಇದು ಕ್ಯಾಥೊಲಿಕ್ ದೇಶ ಅನ್ನೋ ಮಾತು ಬಂದಿದ್ದು ಹೌದು ಅಂತ ಅಲ್ಲಿನ ಒಬ್ಬ ಹಿರಿಯ ಸೂಲಗಿತ್ತಿ ನರ್ಸ್ ವಿಚಾರಣೆಯಲ್ಲಿ ಒಪ್ಕೊಂಡ್ರು. ನೋವು ಮಾಡೋಕೆ ಹೇಳಿದ್ದಲ್ಲ ಅಂತಾನೂ ಅಂದ್ರು.

ಸೋಂಕು ರಕ್ತಕ್ಕೆ ಹರಡ್ತು. ಅಕ್ಟೋಬರ್ 28ಕ್ಕೆ ಸವಿತಾ ತೀರ್ಕೊಂಡ್ರು.

ಇಲ್ಲಿ ನಿಧಾನವಾಗಿ ಓದಿ, ಯಾಕಂದ್ರೆ ಎರಡು ಕಡೆಯವರೂ ಇದನ್ನ ಅರ್ಧ ಮಾತ್ರ ಹೇಳ್ತಾರೆ. ಆಮೇಲೆ ನಡೆದ ತನಿಖೆ, ಸೋಂಕನ್ನ ಸರಿಯಾಗಿ ಗಮನಿಸದ ಆಸ್ಪತ್ರೆಯ ತಪ್ಪುಗಳನ್ನೂ ಹೇಳ್ತು, ಕಾನೂನಿನಿಂದಾಗಿ ಡಾಕ್ಟರುಗಳ ಕೈ ಕಟ್ಟಿದಂಗಾಗಿತ್ತು ಅನ್ನೋದನ್ನೂ ಹೇಳ್ತು. ಎರಡೂ ನಿಜ.

ನಾನಾಗ ಎರಡನೇ ಕ್ಲಾಸು. ಮನೇಲಿ ಟಿವಿ ನೋಡ್ತಾ ಅಮ್ಮ "ಪಾಪ, ಆ ಮಗು ಎಲ್ಲಿಗೋ ಹೋಗಿ..." ಅಂದಿದ್ದು ಮಾತ್ರ ನೆನಪು. 'ಮಗು' ಅಂದಿದ್ದು ಹೊಟ್ಟೆಯಲ್ಲಿದ್ದದ್ದಕ್ಕಲ್ಲ, ಸವಿತಾಗೆ ಅಂತ ಈ ಸರಣಿಗೆ ಓದ್ತಾ ಇದ್ದಾಗ ಅರ್ಥ ಆಯ್ತು.

ಡಬ್ಲಿನ್ ಬೀದಿಗಳಲ್ಲಿ ಜನ ಮೇಣದಬತ್ತಿ ಹಿಡಿದು ನಿಂತ್ರು. 2013ರಲ್ಲಿ ತಾಯಿಯ ಜೀವಕ್ಕೆ ಅಪಾಯ ಇದ್ದಾಗ ಅವಕಾಶ ಕೊಡೋ ಸೀಮಿತ ಕಾನೂನು ಬಂತು. 2018ರ ಮೇ 25ಕ್ಕೆ ಎಂಟನೇ ತಿದ್ದುಪಡಿ ತೆಗೀಬೇಕಾ ಅಂತ ಮತ್ತೆ ಜನಮತಗಣನೆ. ಮಗಳನ್ನ ನೆನಪಿಟ್ಕೊಂಡು ಓಟು ಹಾಕಿ ಅಂತ ಅವರ ತಂದೆ ಬೆಳಗಾವಿಯಿಂದ ಐರ್ಲೆಂಡ್ ಜನರಿಗೆ ಮನವಿ ಮಾಡಿದ್ರು. ಡಬ್ಲಿನ್‌ನ ಒಂದು ಗೋಡೆ ಮೇಲೆ ಸವಿತಾ ಮುಖ ಬಿಡಿಸಿದ್ರು. ಜನ ಬಂದು ಅದರ ಮೇಲೆ ಚೀಟಿ ಅಂಟಿಸಿ ಹೋಗ್ತಿದ್ರು. ಎಷ್ಟೋ ಚೀಟಿಗಳಲ್ಲಿ ಇದ್ದಿದ್ದು ಕ್ಷಮೆ.

ಫಲಿತಾಂಶ: ಶೇ 66.4 ತೆಗೀಬೇಕು. 35 ವರ್ಷದ ಹಿಂದೆ ಮೂರರಲ್ಲಿ ಇಬ್ಬರು ಸೇರಿಸಿದ್ದನ್ನ ಮೂರರಲ್ಲಿ ಇಬ್ಬರು ತೆಗೆದು ಹಾಕಿದ್ರು.

(6/8)
ಹಾಗಂತ ಸವಿತಾ ಒಬ್ಬರಿಂದ ಎಲ್ಲಾ ಬದಲಾಯ್ತು ಅಂದ್ರೆ ತಪ್ಪು. ಅಷ್ಟರಲ್ಲಿ ಚರ್ಚಿನ ಪುಸ್ತಕದಲ್ಲಿ ಬೇರೆ ಲೆಕ್ಕಗಳೂ ಹೊರಬಂದಿದ್ವು. 2009ರ ರಯಾನ್ ವರದಿ: ಧಾರ್ಮಿಕ ಸಂಘಗಳು ನಡೆಸ್ತಿದ್ದ ವಸತಿ ಶಾಲೆಗಳಲ್ಲಿ ದಶಕಗಟ್ಟಲೆ ಮಕ್ಕಳ ಮೇಲೆ ನಡೆದ ದೌರ್ಜನ್ಯ. ಮಗ್ದಲೀನ್ ಲಾಂಡ್ರಿಗಳು: 'ಕೆಟ್ಟುಹೋದವರು' ಅನ್ನಿಸ್ಕೊಂಡ ಹೆಣ್ಣುಮಕ್ಕಳನ್ನ ಕೂಡಿಹಾಕಿ ಸಂಬಳ ಇಲ್ಲದೆ ಬಟ್ಟೆ ಒಗೆಸ್ತಿದ್ದ ಜಾಗಗಳು. ಕೊನೇದು ಮುಚ್ಚಿದ್ದು 1996ರಲ್ಲಿ. ಮದುವೆಯಾಗದೆ ಗರ್ಭಿಣಿ ಆದವರನ್ನ ಇಡ್ತಿದ್ದ 'ತಾಯಿ-ಮಗು ಮನೆ'ಗಳ ತನಿಖೆ 2021ರಲ್ಲಿ ಹೊರಬಂತು. 18 ಸಂಸ್ಥೆಗಳಲ್ಲಿ ಸುಮಾರು 9,000 ಮಕ್ಕಳ ಸಾವು. ಅದರಲ್ಲಿ ಟ್ಯೂಮ್ ಊರಿನ ಮನೆಯ 796 ಮಕ್ಕಳ ಮರಣ ದಾಖಲೆಗಳನ್ನ ಒಂದೊಂದಾಗಿ ಹುಡುಕಿ ತೆಗೆದವರು ಕ್ಯಾಥರೀನ್ ಕಾರ್ಲೆಸ್ ಅನ್ನೋ ಸ್ಥಳೀಯ ಇತಿಹಾಸಕಾರ್ತಿ. ರಿಜಿಸ್ಟರ್ ಬಗ್ಗೆ ಮೂರನೇ ಭಾಗದಲ್ಲಿ ಹೇಳಿದ್ನಲ್ಲ? ಇಲ್ಲಿ ಮಕ್ಕಳ ಸಾವು ದಾಖಲಾಗಿತ್ತು, ಎಲ್ಲಿ ಹೂಳಿದ್ರು ಅನ್ನೋದು ಇರಲಿಲ್ಲ.

ಸರ್ಕಾರ, ಮನೆಯವರು, ಊರು ಎಲ್ಲಾ ಇದರಲ್ಲಿ ಭಾಗಿ. ಆದ್ರೆ ನಂಬಿಕೆ ಇಟ್ಟಿದ್ದು ಚರ್ಚಿನ ಮೇಲೆ.

ನಾವು ಅಕೌಂಟ್ಸಲ್ಲಿ 'ಗುಡ್‌ವಿಲ್' ಓದ್ತೀವಿ. ಕಣ್ಣಿಗೆ ಕಾಣದ ಆಸ್ತಿ, ಆದ್ರೆ ಬ್ಯಾಲೆನ್ಸ್ ಶೀಟಲ್ಲಿ ಬರತ್ತೆ. ಐರಿಶ್ ಚರ್ಚಿನ ಗುಡ್‌ವಿಲ್ ಬಂದಿದ್ದು ಬಂಡೆ ಮೇಲಿನ ಪೂಜೆಯಿಂದ, ಬೇಲಿ ಬದಿಯ ಶಾಲೆಯಿಂದ, ಒಂದು ಪೆನ್ನಿಯಿಂದ. ಇನ್ನೂರು ವರ್ಷ ಕೂಡಿಟ್ಟಿದ್ದು. ಬಡವರ ಪಕ್ಕ ನಿಂತು ಗಳಿಸಿದ್ದನ್ನ ಬಡವರ ಮಕ್ಕಳ ಮೇಲೆ ಅಧಿಕಾರ ನಡೆಸೋಕೆ ಖರ್ಚು ಮಾಡಿದ್ರು. ಕಾನೂನಿನಿಂದ ಹೊಡೆದಾಗ ಅಲ್ಲಾಡದ್ದು ಇದರಿಂದ ಅಲ್ಲಾಡ್ತು.

"ದುಡ್ಡು ಬಂದ್ರೆ ದೇವರು ಹೋಗ್ತಾನೆ" ಅನ್ನೋದು ನನ್ನ ಫ್ರೆಂಡಿನ ಥಿಯರಿ. ಸ್ವಲ್ಪ ಹೌದು. 1967ರಿಂದ ಹೈಸ್ಕೂಲು ಉಚಿತ, 1973ರಲ್ಲಿ ಯುರೋಪಿಯನ್ ಒಕ್ಕೂಟಕ್ಕೆ ಸೇರ್ಪಡೆ, ಮದುವೆಯಾದ ಹೆಣ್ಣುಮಕ್ಕಳು ಸರ್ಕಾರಿ ಕೆಲಸ ಬಿಡ್ಬೇಕು ಅನ್ನೋ ನಿಯಮವೂ ಅದೇ ವರ್ಷ ಹೋಯ್ತು. ಪಾದ್ರಿ ಇಲ್ಲದೆ ಬದುಕೋ ದಾರಿಗಳು ತೆರ್ಕೊಂಡ್ವು. ಆದ್ರೆ ಬರೀ ದುಡ್ಡೇ ಕಾರಣ ಆಗಿದ್ರೆ ಅಮೆರಿಕದ ಚರ್ಚುಗಳು ಎಂದೋ ಖಾಲಿ ಆಗ್ಬೇಕಿತ್ತು.

(7/8)
ಸರಿ, ಹಾಗಾದ್ರೆ ಐರ್ಲೆಂಡಲ್ಲಿ ಮುಗೀತಾ? 2022ರ ಜನಗಣತಿ ನೋಡಿ. ಧರ್ಮ ಯಾವುದು ಅಂದ್ರೆ ಶೇ 69 ಜನ ಇನ್ನೂ 'ರೋಮನ್ ಕ್ಯಾಥೊಲಿಕ್' ಅಂತಾನೇ ಬರೆಸಿದ್ದಾರೆ. 2016ರಲ್ಲಿ ಶೇ 78 ಇತ್ತು, ಇಳಿದಿರೋದು ನಿಜ. ಆದ್ರೆ ಗರ್ಭಪಾತ ಕಾನೂನಿಗೆ ಹೌದು ಅಂದವರಲ್ಲೇ ಎಷ್ಟೋ ಜನ ಈ ಶೇ 69ರಲ್ಲೂ ಇದ್ದಾರೆ ಅಂತಾಯ್ತಲ್ಲ! ಬಿಷಪ್ ಮಾತು ಕೇಳಲ್ಲ, ಹಾಗಂತ ಅಜ್ಜಿಯ ಶವಸಂಸ್ಕಾರ ಚರ್ಚಲ್ಲಿ ಬಿಟ್ಟು ಬೇರೆ ಕಡೆ ಮಾಡೋದೂ ಇಲ್ಲ. ಇದು ನಮಗೆ ಹೊಸದಾ? ವರ್ಷವಿಡೀ ದೇವಸ್ಥಾನದ ಕಡೆ ತಲೆ ಹಾಕದ ನಮ್ಮ ಕ್ಲಾಸಿನವರು ಎಕ್ಸಾಮ್ ದಿನ ಹಣೆಗೆ ಕುಂಕುಮ ಇಟ್ಕೊಂಡು ಬರ್ತಾರೆ. ನಾನೂ ಸೇರಿ.

ಸರ್ಕಾರ ದುಡ್ಡು ಕೊಡೋ ಪ್ರಾಥಮಿಕ ಶಾಲೆಗಳಲ್ಲಿ ಹತ್ತಕ್ಕೆ ಒಂಬತ್ತರ ಹತ್ತಿರ ಇವತ್ತಿಗೂ ಕ್ಯಾಥೊಲಿಕ್ ಆಡಳಿತದಲ್ಲೇ ಇವೆ. ಸೀಟು ಕಡಿಮೆ ಇದ್ದಾಗ ದೀಕ್ಷಾಸ್ನಾನ ಆದ ಮಕ್ಕಳಿಗೆ ಆದ್ಯತೆ ಕೊಡೋದಕ್ಕೆ 2018ರವರೆಗೂ ಕಾನೂನಲ್ಲಿ ಅವಕಾಶ ಇತ್ತು. ಹಾಗಾಗಿ ನಂಬಿಕೆ ಇಲ್ಲದ ಅಪ್ಪ ಅಮ್ಮನೂ ಅಡ್ಮಿಷನ್ನಿಗೋಸ್ಕರ ಮಗುವಿನ ತಲೆಗೆ ನೀರು ಹಾಕಿಸಿದ್ರು. ಅಡ್ಮಿಷನ್ನಿಗೆ ಏನೇನು ಸರ್ಟಿಫಿಕೇಟ್ ಓಡಾಡಿ ಮಾಡಿಸ್ತೀವಿ ಅಂತ ಗೊತ್ತಿರೋ ನಾವು ಅವರನ್ನ ನೋಡಿ ನಗೋ ಹಾಗಿಲ್ಲ.

(8/8)
ಈಗ ಕ್ಯಾಂಟೀನಿನ ದೊಡ್ಡ ಪ್ರಶ್ನೆ. ಕ್ರಿಶ್ಚಿಯಾನಿಟಿ ಇಳಿಯತ್ತಾ?

ಪ್ಯೂ ರಿಸರ್ಚ್ ಸೆಂಟರ್ ಲೆಕ್ಕದಲ್ಲಿ 1910ರಲ್ಲಿ ಜಗತ್ತಿನ ಕ್ರೈಸ್ತರಲ್ಲಿ ಮೂರನೇ ಎರಡು ಭಾಗ ಯುರೋಪಲ್ಲಿದ್ರು. 2010ಕ್ಕೆ ಅದು ಶೇ 26. ಅದೇ ನೂರು ವರ್ಷದಲ್ಲಿ ಸಹಾರಾದ ದಕ್ಷಿಣದ ಆಫ್ರಿಕಾದಲ್ಲಿ 90 ಲಕ್ಷ ಇದ್ದವರು 50 ಕೋಟಿ ದಾಟಿದ್ರು. 2020ಕ್ಕೆ ಒಟ್ಟು ಕ್ರೈಸ್ತರು ಸುಮಾರು 230 ಕೋಟಿ. ತಲೆ ಎಣಿಕೆ ಹೆಚ್ಚಿದೆ, ಆದ್ರೆ ಜಗತ್ತಿನ ಜನಸಂಖ್ಯೆಯಲ್ಲಿ ಪಾಲು ಹತ್ತು ವರ್ಷದಲ್ಲಿ ಶೇ 30.6ರಿಂದ 28.8ಕ್ಕೆ ಇಳಿದಿದೆ. ಮಾರ್ಕೆಟ್ ಶೇರ್ ಕಡಿಮೆ, ಟರ್ನೋವರ್ ಜಾಸ್ತಿ. ಇದನ್ನ 'ಮುಗೀತು' ಅನ್ನೋಕೆ ನನಗೆ ಆಗಲ್ಲ. ಜಾಗ ಬದಲಾಯ್ತು ಅನ್ನಬಹುದು.

ಆ ಬದಲಾವಣೆಯಲ್ಲೂ ಐರ್ಲೆಂಡ್ ಕೈವಾಡ ಇದೆ. ಇಪ್ಪತ್ತನೇ ಶತಮಾನದಲ್ಲಿ ಅಲ್ಲಿಂದ ಸಾವಿರಾರು ಮಿಷನರಿಗಳು ಹೊರಟ್ರು. ನೈಜೀರಿಯಾದ ಆಗ್ನೇಯ ಭಾಗದಲ್ಲಿ ಜೋಸೆಫ್ ಶಾನಹನ್ ಅನ್ನೋ ಐರಿಶ್ ಬಿಷಪ್ ಶಾಲೆ ಕಟ್ಟೋದರಿಂದಲೇ ಚರ್ಚು ಬೆಳೆಸಿದ. ಅದೇ ಬೇಲಿ ಬದಿಯ ಪಾಠ. ಮದರ್ ತೆರೇಸಾ 1928ರಲ್ಲಿ ಮೊದಲು ಸೇರಿದ್ದು ಡಬ್ಲಿನ್ ಹತ್ತಿರದ ಲೊರೆಟೊ ಕಾನ್ವೆಂಟಿಗೆ, ಅಲ್ಲಿಂದಲೇ ಇಂಡಿಯಾಕ್ಕೆ ಬಂದಿದ್ದು. ಈಗ ಐರ್ಲೆಂಡಲ್ಲಿ ಪಾದ್ರಿ ಆಗೋಕೆ ಹುಡುಗರು ಸಿಗ್ತಿಲ್ಲ. ನೈಜೀರಿಯಾದಿಂದ, ಇಂಡಿಯಾದಿಂದ ಪಾದ್ರಿಗಳು ಹೋಗಿ ಅಲ್ಲಿನ ಚರ್ಚು ನಡೆಸ್ತಿದ್ದಾರೆ. ಕೇರಳದ ನರ್ಸುಗಳು ಹೋಗಿ ಹೋಗಿ ಡಬ್ಲಿನ್‌ನಲ್ಲಿ ಭಾನುವಾರ ಮಲಯಾಳಂ ಪೂಜೆ ನಡೆಯತ್ತೆ.

ಇದನ್ನೆಲ್ಲಾ ಬರೆದು ಕ್ಯಾಂಟೀನ್ ಟೇಬಲ್‌ನವರಿಗೆ ಮೊದಲು ತೋರಿಸಿದೆ. ರೀಲ್ ತೋರಿಸಿದವನು "ಅಂದ್ರೆ ನೀನು ಚರ್ಚ್ ಪರ" ಅಂದ. ಇನ್ನೊಬ್ಬಳು "ಸವಿತಾ ಬಗ್ಗೆ ಬರೆದಿದ್ದೀಯ, ಅಂದ್ರೆ ವಿರೋಧ" ಅಂದ್ಲು. ಇಬ್ಬರಿಗೂ ಒಂದೊಂದು ಟೀ ಕೊಡಿಸಿ ಸುಮ್ಮನಾದೆ.

ಆಗ ಮೂಲೆಯಲ್ಲಿ ಕೂತಿದ್ದ ನಮ್ಮ ಮಂಗಳೂರಿನ ಹುಡುಗಿ ಫೋನ್ ಮುಂದೆ ಹಿಡಿದ್ಲು. ಅವಳ ಕಸಿನ್ ಅಕ್ಕ ನರ್ಸು, ಐರ್ಲೆಂಡಿಗೆ ಹೋಗಿ ನಾಲ್ಕು ತಿಂಗಳು. ಬಾಡಿಗೆ ಮನೆ ಸಿಗದೆ ಮೂರು ವಾರ ಒದ್ದಾಡಿದ್ದಳಂತೆ. ಮನೆ ಕೊಡಿಸಿದ್ದು ಅಲ್ಲಿನ ಚರ್ಚಿನ ವಾಟ್ಸಾಪ್ ಗ್ರೂಪು. ಅಕ್ಕ ಕಳಿಸಿದ್ದ ಸ್ಕ್ರೀನ್‌ಶಾಟಲ್ಲಿ ಕೊನೇ ಮೆಸೇಜ್ ಹೀಗಿತ್ತು: ಶುಕ್ರವಾರ ಇನ್ನಿಬ್ಬರು ಹೊಸ ಹುಡುಗಿಯರು ಬರ್ತಿದ್ದಾರೆ, ಯಾರ ಹತ್ರನಾದ್ರೂ ದಪ್ಪ ಕಂಬಳಿ ಹೆಚ್ಚಿಗೆ ಇದ್ಯಾ?